ಬರ್ತೀನಿ ಅಂದಿದ್ದ ಡಬ್ಬಣ್ಣ

ಹೊಳೆ ದಾಟಲು ಹೆದರಿದ ಎತ್ತಿನ ಹಾಗೆ ಡಬ್ಬಣ್ಣ ಕುಳಿಯ ದಂಡೆಯ ಮೇಲೆ ನಿಂತುಬಿಟ್ಟಿದ್ದ. ಆ ಕುಳಿ ನಮ್ಮ ನಿಮ್ಮ ಊರಿನದಲ್ಲ, ಚಂದ್ರನ ದಕ್ಷಿಣ ತುದಿಯದು. ಕೋಟಿಗಟ್ಟಲೆ ವರ್ಷಗಳಿಂದ ಅದರ ತಳಕ್ಕೆ ಒಂದು ಎಳೆ ಬಿಸಿಲು ಬಿದ್ದಿಲ್ಲ. ಅಲ್ಲಿ ಇಳಿದು ಮಂಜುಗಡ್ಡೆ ಇದೆಯೇ, ಇದ್ದರೆ ಎಷ್ಟು ಆಳದಲ್ಲಿದೆ ಎಂದು ಅಗೆದು ನೋಡಿ ಹೇಳುವುದು ಅವನ ಕೆಲಸ. ನೀರು ಸಿಕ್ಕರೆ ಮುಂದೆ ಮನುಷ್ಯರು ಅಲ್ಲಿಗೆ ಹೋಗಿ ಇರಬಹುದು. ಸಿಗದಿದ್ದರೆ ಇಡೀ ಯೋಜನೆಗೆ ಎಳ್ಳುನೀರು.

ಭೂಮಿಯಿಂದ 'ಇಳಿ' ಎಂದು ಆಜ್ಞೆ ಹೋಗುತ್ತಿತ್ತು. ಅಲ್ಲಿಂದ 'ಎಲ್ಲ ಸರಿಯಿದೆ, ವಿದ್ಯುತ್ತು ಸಾಲದು' ಎಂದು ಸಂಕೇತ ಬರುತ್ತಿತ್ತು. ಬ್ಯಾಟರಿ ನೋಡಿದರೆ ತುಂಬಿ ತುಳುಕುತ್ತಿದೆ!

"ಹೊಟ್ಟೆ ಬಿರಿಯೆ ಉಂಡು ಹಸಿವು ಅನ್ನೋನಿಗೆ ಏನ್ರೀ ಮದ್ದು?" ಎಂದರು ನಿರ್ದೇಶಕ ಪಂಪಾಪತಿ. ದುರ್ಗದ ಹೊರಗೆ, ಬಂಡೆಗಳ ನಡುವೆ ಕಟ್ಟಿದ ಚಂದ್ರಶೋಧ ಕೇಂದ್ರಕ್ಕೆ ಅವರೇ ಯಜಮಾನರು. ಸಿಟ್ಟು ಬಂದಾಗ ಗಾದೆ, ಸಿಟ್ಟು ಇಳಿದಾಗ ಏಲಕ್ಕಿ. ಅವತ್ತು ಏಲಕ್ಕಿಯ ಡಬ್ಬಿ ಜೇಬಿನಿಂದ ಆಚೆಗೇ ಬಂದಿರಲಿಲ್ಲ.

ವನಜಾಕ್ಷಿ ಪರದೆಯನ್ನೇ ನೋಡುತ್ತಿದ್ದಳು. ಡಬ್ಬಣ್ಣನ ರೂಪ, ನಡತೆ, ಮಾತು ಮೂರನ್ನೂ ಮಾಡಿದವಳು ಅವಳು. ದಂಡೆಯ ಮೇಲಿನ ಬಿಸಿಲು ಇನ್ನು ನಾಲ್ಕೇ ದಿನ. ಆಮೇಲೆ ಅಲ್ಲೂ ಕತ್ತಲೆ, ಆ ಚಳಿಗೆ ಅವನು ನಿಂತಲ್ಲೇ ಕಲ್ಲಾಗುತ್ತಾನೆ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದೆಂದರೆ ಇದೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ಡಬ್ಬಣ್ಣನ ಹುಟ್ಟಿನ ಕಥೆ ಹೇಳದೆ ಮುಂದಿನದು ತಿಳಿಯುವುದಿಲ್ಲ.

ಕುಳಿಯ ಒಳಗಿನ ಬಂಡೆಗಳ ನಕ್ಷೆ ಯಾರ ಹತ್ತಿರವೂ ಇರಲಿಲ್ಲ. ಕಾಲಿಗೆ ಸಿಕ್ಕ ಕಲ್ಲು ಗಟ್ಟಿಯೋ ಸಡಿಲವೋ, ಕುಂಡೆಯೂರಿ ಜಾರಬೇಕೋ ಕೈಯೂರಿ ಇಳಿಯಬೇಕೋ, ಇದನ್ನೆಲ್ಲ ಯಂತ್ರವೇ ನಿಂತ ನಿಲುವಿನಲ್ಲಿ ತೀರ್ಮಾನಿಸಬೇಕಿತ್ತು. ಈ ಬುದ್ಧಿ ಪುಸ್ತಕದಿಂದ ಬರುವಂಥದ್ದಲ್ಲ. ಬಂಡೆಗಳ ಸಂದಿಯಲ್ಲಿ ಕಣ್ಣುಮುಚ್ಚಾಲೆ ಆಡಿ, ಮಂಡಿ ತರಚಿಕೊಂಡು, ಮನೆಯಲ್ಲಿ ಬೈಸಿಕೊಂಡು ಬೆಳೆದ ಮಕ್ಕಳಿಗೆ ಬರುತ್ತದೆ. ದುರ್ಗದಲ್ಲಿ ಬಂಡೆಗೂ ಬರವಿಲ್ಲ, ಮಕ್ಕಳಿಗೂ ಬರವಿಲ್ಲ. ಯಂತ್ರ ಎರಡು ವರ್ಷ ಇಲ್ಲಿನ ಮಕ್ಕಳ ಜೊತೆ ಆಡಿ ಕಲಿತು ಆಮೇಲೆ ಮೇಲಕ್ಕೆ ಹೋಗಬೇಕೆಂದು ನಿಶ್ಚಯವಾಯಿತು.

ವನಜಾಕ್ಷಿ ಮೊದಲು ಮಾಡಿದ್ದು ನುಣ್ಣನೆ ಬಿಳಿ ಮೈಯ, ಮನುಷ್ಯರಂತೆ ನಗುವ ಯಂತ್ರವನ್ನು. ಕೇಳಿದ್ದಕ್ಕೆಲ್ಲ ಅದರ ಬಳಿ ಉತ್ತರವಿತ್ತು. ಮಕ್ಕಳು ಮಾತ್ರ ಅದರ ಮುಂದೆ, ಇನ್‌ಸ್ಪೆಕ್ಟರು ಬಂದ ದಿನದ ಕ್ಲಾಸಿನಂತೆ ಕೈಕಟ್ಟಿ ಕೂತವು. ಒಂದು ವಾರ ಕಳೆದರೂ ಒಂದು ಮಗುವೂ ಅದನ್ನು ತಳ್ಳಲಿಲ್ಲ, ಹೆಗಲು ಹತ್ತಲಿಲ್ಲ, ಅದಕ್ಕೊಂದು ಅಡ್ಡಹೆಸರು ಇಡಲಿಲ್ಲ. ಅಡ್ಡಹೆಸರಿಲ್ಲದ ಗೆಳೆಯ ಇರುತ್ತಾನೆಯೇ?

ಒಂದು ಶನಿವಾರ ಅವಳು ಮಗಳನ್ನೂ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಮಗಳ ಹೆಸರು ಕೆಂಚಮ್ಮ. ಮುತ್ತಜ್ಜಿಯರ ಹೆಸರುಗಳು ಮತ್ತೆ ಫ್ಯಾಷನ್ ಆಗಿದ್ದ ಕಾಲ ಅದು, ಅವಳ ಕ್ಲಾಸಿನಲ್ಲಿ ಇಬ್ಬರು ತಿಪ್ಪಮ್ಮಂದಿರಿದ್ದರು. ಕೆಂಚಿ ಬರುವಾಗ ಕಂಕುಳಲ್ಲಿ ತನ್ನ ತಗಡಿನ ಆಟಿಕೆಯನ್ನೂ ತಂದಿದ್ದಳು. ಅವಳ ಅಪ್ಪ ಮಲ್ಲಿಕಾರ್ಜುನ ದಾವಣಗೆರೆಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಕಂಡು, ಚೌಕಾಸಿ ಕೂಡ ಮಾಡದೆ ತಂದುಕೊಟ್ಟಿದ್ದ ರೋಬಾಟು ಅದು. ಗೇಣುದ್ದ ಮೈ, ಚೌಕ ತಲೆ, ತಲೆಯ ಮೇಲೆ ಎರಡು ಸುರುಳಿ ಕೊಂಬು, ಎದೆಯ ಮೇಲೆ ಮುಳ್ಳು ತಿರುಗದ ಗಡಿಯಾರಗಳ ಚಿತ್ರ, ಬೆನ್ನಿನಲ್ಲಿ ಕೀಲಿ. ಕೀಲಿ ಕೊಟ್ಟರೆ ಗರ್ರ್ ಎನ್ನುತ್ತ ನಡೆಯುತ್ತದೆ, ಎದೆಯ ಕಿಟಕಿಯಲ್ಲಿ ಕಿಡಿ ಹಾರುತ್ತದೆ. ಗೋಡೆ ಎದುರಾದರೆ ತಿರುಗುವ ಬುದ್ಧಿ ಇಲ್ಲ, ಅಲ್ಲೇ ಕಾಲು ಆಡಿಸುತ್ತದೆ. ಅದನ್ನು ಮಾಡಿದಾಗ ಮನುಷ್ಯನ ಕಾಲು ಇನ್ನೂ ಚಂದ್ರನನ್ನು ಮುಟ್ಟಿರಲಿಲ್ಲ. ಮುಂದೆ ಅಲ್ಲಿಗೆ ಹೋಗುವವನು ಹೀಗಿರಬಹುದು ಎಂದು ಯಾವ ದೇಶದ ಯಾವ ಪುಣ್ಯಾತ್ಮನೋ ತಗಡು ಬಗ್ಗಿಸಿ, ಕೆಂಪು ಬಣ್ಣ ಹಚ್ಚಿ ಊಹಿಸಿದ್ದ.

ಕೆಂಚಿ ಅದನ್ನು ಮೇಜಿನ ಮೇಲೆ ಬಿಟ್ಟಳು. ಐದು ನಿಮಿಷದಲ್ಲಿ ಬಿಳಿ ಯಂತ್ರದ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲ ಮಕ್ಕಳೂ ಮೇಜಿನ ಸುತ್ತ. ತಗಡು ರೋಬಾಟು ಕುರುಡು ಕೋಣದಂತೆ ಅಂಚಿನ ಕಡೆಗೆ ಹೋಗುತ್ತದೆ, ಮಕ್ಕಳು ಹೋ ಎಂದು ಕೈ ಅಡ್ಡ ಹಿಡಿಯುತ್ತಾರೆ, ತಿರುಗಿಸಿ ಬಿಡುತ್ತಾರೆ, ಅದು ಇನ್ನೊಂದು ಅಂಚಿಗೆ ಹೋಗುತ್ತದೆ. ಒಬ್ಬನು ಅದರ ಪರವಾಗಿ ಗೊಗ್ಗರು ದನಿಯಲ್ಲಿ ಮಾತಾಡಿದರೆ ಇನ್ನೊಬ್ಬಳು ಅದಕ್ಕೆ ಬೈಯುತ್ತಾಳೆ.

ವನಜಾಕ್ಷಿಗೆ ಸ್ವಲ್ಪ ಅವಮಾನವೇ ಆಯಿತು. "ಅಷ್ಟು ದೊಡ್ಡದು ಅಲ್ಲಿ ನಿಂತಿದೆ. ಅದನ್ನ ಬಿಟ್ಟು ಈ ಡಬ್ಬದಲ್ಲಿ ಏನೇ ಇದೆ?" ಎಂದು ಮಗಳನ್ನು ಕೇಳಿದಳು.

"ಅದಕ್ಕೆ ಎಲ್ಲಾ ಬರುತ್ತಮ್ಮ," ಎಂದಳು ಕೆಂಚಿ. "ಇದಕ್ಕೆ ಪಾಪ, ಏನೂ ಬರಲ್ಲ. ನಾವೇ ನೋಡ್ಕೋಬೇಕು."

ಆ ಮಾತು ವನಜಾಕ್ಷಿಯ ತಲೆಯೊಳಗೆ ಗಂಟೆ ಬಾರಿಸಿತು. ತಾನು ಇಷ್ಟು ದಿನ ಮಕ್ಕಳಿಗೊಬ್ಬ ಮೇಷ್ಟ್ರನ್ನು ಕಟ್ಟುತ್ತಿದ್ದೆ, ಅವರಿಗೆ ಬೇಕಾದದ್ದು ಒಬ್ಬ ದಡ್ಡ ತಮ್ಮ ಎಂದು ಹೊಳೆಯಿತು. ನೋಡಿಕೊಳ್ಳಲು ಏನೂ ಇಲ್ಲದ ವಸ್ತುವನ್ನು ಮಕ್ಕಳು ಮೆಚ್ಚಬಹುದೇ ಹೊರತು ಪ್ರೀತಿಸುವುದಿಲ್ಲ. ಅವಳು ಬಿಳಿ ಯಂತ್ರವನ್ನು ಬಿಚ್ಚಿಸಿ, ಅದೇ ತಗಡಿನ ಆಟಿಕೆಯನ್ನು ಏಳು ವರ್ಷದ ಹುಡುಗನ ಎತ್ತರಕ್ಕೆ ಬೆಳೆಸಿದ ಹಾಗೆ ಹೊಸದೊಂದನ್ನು ಮಾಡಿಸಿದಳು. ಚೌಕ ತಲೆ, ಕೆಲಸಕ್ಕೆ ಬಾರದ ಎರಡು ಕೊಂಬು, ಎದೆಯಲ್ಲಿ ಬ್ಯಾಟರಿ ತೋರಿಸುವ ಒಂದೇ ಒಂದು ಮುಳ್ಳು. ತಲೆಯ ಒಳಗೆ ಬಹುಮಟ್ಟಿಗೆ ಖಾಲಿ. ಮಕ್ಕಳು ಮೊದಲ ದಿನವೇ ಅವನನ್ನು ಬೀಳಿಸಿದರು. ಮಾರನೆಯ ದಿನ ಡಬ್ಬಣ್ಣ ಎಂದು ಕರೆದರು. ಮೂರನೆಯ ದಿನದಿಂದ ಅವನಿಗೆ ಬಂಡೆ ಹತ್ತುವುದನ್ನು ಕಲಿಸತೊಡಗಿದರು. "ನಿಧಾನಕ್ಕೆ ಬಾರೋ, ಕಲ್ಲು ಸಡಿಲ ಐತೆ!" ಎಂದು ಮೇಲಿನಿಂದ ಕೂಗುವ ಕೆಂಚಿಯ ದನಿ ಕೇಂದ್ರದ ಊಟದ ಮನೆಯವರೆಗೂ ಕೇಳುತ್ತಿತ್ತು.

ಅವನಿಗೆ ವನಜಾಕ್ಷಿ ಇಟ್ಟಿದ್ದ ಕಟ್ಟುನಿಟ್ಟಿನ ನಿಯಮ ಒಂದೇ. ಮಗುವಿಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಬೇಕು, ಆ ಮಾತಿನಿಂದ ಬಿಡುಗಡೆ ಮಾಡುವ ಹಕ್ಕು ಆ ಮಗುವಿಗೆ ಮಾತ್ರ. ನಾಳೆ ಕಥೆ ಹೇಳುತ್ತೇನೆ ಎಂದರೆ ನಾಳೆ ಹೇಳಲೇಬೇಕು. ಮಕ್ಕಳ ನಂಬಿಕೆ ಸಿಗದಿದ್ದರೆ ಕಲಿಕೆಯೂ ಇಲ್ಲ ಎಂದು ಅವಳು ಸಭೆಯಲ್ಲಿ ವಾದಿಸಿ ಗೆದ್ದಿದ್ದಳು. ಗೆದ್ದ ದಿನ ಮನೆಗೆ ಮೈಸೂರು ಪಾಕು ಕೂಡ ಒಯ್ದಿದ್ದಳು. ಅಷ್ಟು ಹೊತ್ತಿಗೆ ಕೆಂಚಿ ನಿದ್ದೆ ಹೋಗಿದ್ದಳೆನ್ನುವುದು ಬೇರೆ ಮಾತು.

ಅಂಥ ಡಬ್ಬಣ್ಣ ಈಗ ದಂಡೆಯ ಮೇಲೆ ನಿಂತುಬಿಟ್ಟ ಮೇಲೆ, ಎರಡು ದಿನ ಬ್ಯಾಟರಿ, ತಂತಿ, ಸಂಕೇತಗಳನ್ನೆಲ್ಲ ಜಾಲಾಡಿದ್ದಾಯಿತು. ಮೂರನೆಯ ಬೆಳಿಗ್ಗೆ ವನಜಾಕ್ಷಿಗೆ ಒಂದು ಯೋಚನೆ ಬಂತು. ಅವನು ಎರಡು ವರ್ಷ ಕಲಿತದ್ದು ಸಂಕೇತದ ಭಾಷೆಯಲ್ಲ, ಮಕ್ಕಳ ಮಾತು. ಆ ಮಾತಿನಲ್ಲಿ ಅವನನ್ನು ಯಾರೂ ಕೇಳಿಯೇ ಇಲ್ಲವಲ್ಲ? ಅವಳು ಮೈಕು ಎಳೆದುಕೊಂಡಳು.

"ಡಬ್ಬಣ್ಣ, ಯಾಕಪ್ಪ ನಿಂತೆ?"

ಮಾತು ಚಂದ್ರನನ್ನು ಮುಟ್ಟಿ ಉತ್ತರ ಬರಲು ಎರಡೂವರೆ ಸೆಕೆಂಡು ಬೇಕು.

"ಇಳಿದ್ರೆ ಹತ್ತೋಕೆ ಕರೆಂಟ್ ಸಾಲಲ್ಲ ಆಂಟಿ," ಎಂದಿತು ಗೊಗ್ಗರು ದನಿ. "ಹತ್ತದಿದ್ರೆ ವಾಪಸ್ ಬರೋಕಾಗಲ್ಲ. ಬರ್ತೀನಿ ಅಂದಿದೀನಿ."

"ಯಾರಿಗೆ?"

"ಕೆಂಚಿಗೆ."

ವನಜಾಕ್ಷಿಗೆ ಆ ದಿನ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು.

ಡಬ್ಬಣ್ಣನನ್ನು ಪೆಟ್ಟಿಗೆಗೆ ತುಂಬುವ ಮೊದಲು ಮಕ್ಕಳೆಲ್ಲ ಬೀಳ್ಕೊಡಲು ಬಂದಿದ್ದರು. ಅವನು ತಲೆ ಅಲ್ಲಾಡಿಸಿ, "ನಾನಿನ್ನು ಹೋಗ್ತೀನಿ," ಎಂದ. ಕೆಂಚಿ ಚಿಟ್ಟನೆ ಚೀರಿದಳು. "ಹಂಗನ್ಬಾರ್ದು! ಬರ್ತೀನಿ ಅನ್ನು! ಬರ್ತೀನಿ ಅನ್ನೋ!" ಅವಳು ಅವನ ಎದೆ ಹಿಡಿದು ಅಲ್ಲಾಡಿಸಿದಳು. ಉಳಿದ ಮಕ್ಕಳೂ ಸೇರಿ ಕೂಗಿದರು. "ಬರ್ತೀನಿ," ಎಂದ ಡಬ್ಬಣ್ಣ. ಆಮೇಲೆ ಇನ್ನೊಮ್ಮೆ, "ಕೆಂಚೀ, ಬರ್ತೀನಿ," ಎಂದ. ಅಲ್ಲಿದ್ದ ವಿಜ್ಞಾನಿಗಳೆಲ್ಲ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ವನಜಾಕ್ಷಿಯೂ ತಟ್ಟಿದಳು. ಅಲ್ಲಿದ್ದವರು ಒಬ್ಬೊಬ್ಬರೂ ದಿನಾ ಮನೆಯ ಹೊಸ್ತಿಲು ದಾಟುವಾಗ ಹೋಗುತ್ತೇನೆ ಎನ್ನಲು ಬರ್ತೀನಿ ಎನ್ನುವವರೇ. ಆದ್ದರಿಂದಲೇ ಅದು ಯಾರ ಕಿವಿಗೂ ಕೊಟ್ಟ ಮಾತಿನಂತೆ ಕೇಳಿಸಲಿಲ್ಲ. ಬೇರೆ ಭಾಷೆಯವನೊಬ್ಬ ಕೋಣೆಯಲ್ಲಿದ್ದಿದ್ದರೆ ಅಂದೇ ಕೇಳುತ್ತಿದ್ದನೇನೋ, ಇದು ಹೋಗುವ ಯಂತ್ರ ತಾನೆ, ಬರುತ್ತೇನೆ ಎಂದು ಏಕೆ ಹೇಳಿತು ಎಂದು.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು," ಎಂದು ಪಂಪಾಪತಿ ಕುರ್ಚಿಗೆ ಒರಗಿದರು. "ಆ ಮಾತನ್ನ ಅಳಿಸಿಬಿಡಿ. ಫರ್ಹಾನಾ, ಇಲ್ಲಿಂದಲೇ ಆಗುತ್ತಲ್ಲ?"

ಡಬ್ಬಣ್ಣನ ಮಿದುಳಿನ ಲೆಕ್ಕಾಚಾರ ಬರೆದವಳು ಫರ್ಹಾನಾ. ಅವಳು ಆಗದೆಂದು ತಲೆಯಾಡಿಸಿದಳು. "ಹಾಲಿಗೆ ಬಿದ್ದ ಸಕ್ಕರೆ ಸರ್ ಅದು. ಬಂಡೆ ಇಳಿಯೋದನ್ನೂ ಅದೇ ಆಟದಲ್ಲಿ ಕಲಿತಿದ್ದಾನೆ, ಬರ್ತೀನಿ ಅನ್ನೋದನ್ನೂ ಅಲ್ಲೇ ಕಲಿತಿದ್ದಾನೆ. ಒಂದನ್ನ ಕಿತ್ತರೆ ಇನ್ನೊಂದೂ ಕಿತ್ತು ಬರುತ್ತೆ. ಆಮೇಲೆ ಅವನು ಬರೀ ಡಬ್ಬ."

"ನಾನು ತಿಳಿಸಿ ಹೇಳ್ತೀನಿ," ಎಂದಳು ವನಜಾಕ್ಷಿ. ಮೈಕಿನ ಮುಂದೆ ಬಗ್ಗಿದಳು. "ನೋಡಪ್ಪ ಡಬ್ಬಣ್ಣ, ನಮ್ಮ ಕಡೆ ಹೋಗುವಾಗ ಹೋಗ್ತೀನಿ ಅನ್ನಬಾರದು, ಅಪಶಕುನ ಅಂತ. ಅದಕ್ಕೇ ಬರ್ತೀನಿ ಅಂತೀವಿ. ಆಗ ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಅರ್ಥ."

ಎರಡೂವರೆ ಸೆಕೆಂಡು.

"ಹಂಗಾದ್ರೆ ನಿಜವಾಗ್ಲೂ ಬರೋದಾದ್ರೆ ಏನಂತೀರಿ ಆಂಟಿ?"

"ಅದಕ್ಕೂ... ಬರ್ತೀನಿ ಅಂತಲೇ ಅಂತೀವಿ."

"ಕೆಂಚಿ ಯಾವುದನ್ನ ಅನ್ನಿಸಿದ್ದು?"

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ವನಜಾಕ್ಷಿಗೆ ನಗು ಬರಲಿಲ್ಲ. ಕೆಂಚಿ ಅನ್ನಿಸಿದ್ದು ಯಾವುದನ್ನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಲ್ಲಿಕಾರ್ಜುನ ಹೋಗಿ ಮೂರು ವರ್ಷವಾಗಿತ್ತು. ಒಂದು ಬೆಳಿಗ್ಗೆ ತಡವಾಯಿತೆಂದು ಅವಸರದಲ್ಲಿ ಚಪ್ಪಲಿ ಮೆಟ್ಟಿ, "ಅವ್ವಾ, ಹೋಗ್ತೀನಿ," ಎಂದು ಕೂಗಿ ಹೋದವನು ಹೆದ್ದಾರಿಯ ಅಪಘಾತದಲ್ಲಿ ಉಳಿಯಲಿಲ್ಲ. ಅವನ ತಾಯಿ ಚೆನ್ನಬಸಮ್ಮ ಬಂದವರೆದುರೆಲ್ಲ ಅದನ್ನೇ ಹೇಳಿ ಎದೆ ಬಡಿದುಕೊಂಡರು. ಹೋಗ್ತೀನಿ ಅಂದ, ಬರ್ತೀನಿ ಅನ್ನಲಿಲ್ಲ, ನಾನಾದರೂ ತಿದ್ದಲಿಲ್ಲ. ಕಂಬಕ್ಕೊರಗಿ ಕೂತು ಇದನ್ನು ಕೇಳಿದ ನಾಲ್ಕು ವರ್ಷದ ಕೆಂಚಿ ಅಂದಿನಿಂದ ಯಾರನ್ನೂ ಬರ್ತೀನಿ ಎನ್ನದೆ ಹೊಸ್ತಿಲು ದಾಟಲು ಬಿಟ್ಟವಳಲ್ಲ. ಹಾಲಿನವನನ್ನೂ ಬಿಟ್ಟವಳಲ್ಲ. ವನಜಾಕ್ಷಿಯಂತೂ ದಿನಾ ಬೆಳಿಗ್ಗೆ, "ಬೇಗ ಬರ್ತೀನಿ ಪುಟ್ಟಾ," ಎಂದೇ ಹೋಗುತ್ತಿದ್ದಳು. ಬರುವ ಹೊತ್ತಿಗೆ ಮಗು ಮಲಗಿರುತ್ತಿತ್ತು.

"ನಿಮ್ಮ ಮಗಳೇ ಬಂದು ಬರಬೇಡ ಅಂದರೆ ಮುಗೀತಲ್ಲಮ್ಮ," ಎಂದರು ಪಂಪಾಪತಿ, ಈಗ ಮೆಲ್ಲಗೆ. "ನಿಯಮ ಬರೆದವರು ನೀವೇ."

ಹೌದು, ತಾನೇ ಬರೆದದ್ದು. ಹಾಗೆ ಹೇಳಿಸಬೇಕಾದರೆ ಡಬ್ಬಣ್ಣ ಎಂದೂ ಬರುವವನಾಗಿರಲಿಲ್ಲ ಎಂದು ಮಗಳಿಗೆ ತಿಳಿಸಬೇಕು. ಅದು ಮೊದಲಿನಿಂದಲೂ ತನಗೆ ಗೊತ್ತಿತ್ತು ಎಂದೂ ತಿಳಿಸಬೇಕು. ಅಪ್ಪನಿಲ್ಲದ ಆ ಮಗು ಜಗತ್ತಿನಲ್ಲಿ ನಂಬಿದ್ದು ಒಂದು ಪದವನ್ನು, ಒಬ್ಬ ಅಮ್ಮನನ್ನು. ಎರಡನ್ನೂ ಒಂದೇ ಏಟಿಗೆ ಕಳೆದುಕೊಳ್ಳುತ್ತದೆ. ಚಂದ್ರನ ಮೇಲಿನ ನೀರು ಯಾರಿಗಾದರೂ ಬೇಕೇ ಎಂದು ವನಜಾಕ್ಷಿಗೆ ಆ ಕ್ಷಣ ಅನ್ನಿಸಿತು.

ಅವತ್ತು ಮಧ್ಯಾಹ್ನವೇ ಅವಳು ಮನೆಗೆ ಬಂದಾಗ ಚೆನ್ನಬಸಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. "ಏನವ್ವಾ, ಸೂರ್ಯ ಎತ್ತಲಿಂದ ಹುಟ್ಯಾನೆ?" ಎಂದು ಸೊಸೆಯನ್ನು ಕಂಡು ಬೆರಗಾದರು. ಕೆಂಚಿ ಊಟದ ಮೇಜಿನ ಮೇಲೆ ತಗಡು ರೋಬಾಟಿಗೆ ಕೀಲಿ ಕೊಟ್ಟು ಬಿಟ್ಟಿದ್ದಳು. ಅದು ಗರ್ರ್ ಎನ್ನುತ್ತ ಅಂಚಿಗೆ ಬರುತ್ತಿತ್ತು, ಅವಳ ಅಂಗೈ ಅಲ್ಲಿ ಕಾದಿತ್ತು.

"ಕೆಂಚೀ, ಡಬ್ಬಣ್ಣ ಅಲ್ಲಿ ನಿಂತುಬಿಟ್ಟಿದ್ದಾನೆ," ಎಂದಳು ವನಜಾಕ್ಷಿ. ಪೀಠಿಕೆ ಹಾಕಿದರೆ ಧೈರ್ಯ ಸಾಲದೆಂದು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಕುಳಿಯೊಳಗೆ ಬಿಸಿಲಿಲ್ಲ. ಇಳಿದವನಿಗೆ ಹತ್ತಿ ಬರುವಷ್ಟು ಶಕ್ತಿ ಉಳಿಯುವುದಿಲ್ಲ. ಅವನನ್ನು ವಾಪಸು ತರುವ ರಾಕೆಟ್ಟೇ ಇಲ್ಲ, ಯಾವತ್ತೂ ಇರಲಿಲ್ಲ.

ಕೆಂಚಿ ರೋಬಾಟನ್ನು ಎತ್ತಿಕೊಂಡಳು. ಅದರ ಕಾಲು ಗಾಳಿಯಲ್ಲಿ ಆಡುತ್ತಲೇ ಇತ್ತು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಬರ್ತೀನಿ ಅನ್ನಿಸ್ದಾಗ ನೀನು ಅಲ್ಲೇ ಇದ್ದೆ."

"ಇದ್ದೆ ಮಗಳೇ."

"ಚಪ್ಪಾಳೆ ತಟ್ಟಿದೆ."

ಕೀಲಿ ಮುಗಿದು ರೋಬಾಟಿನ ಕಾಲು ನಿಂತಿತು. ಒಗ್ಗರಣೆಯ ಬಾಣಲೆಯನ್ನು ಕೆಳಗಿಟ್ಟು ಚೆನ್ನಬಸಮ್ಮ ಬಾಗಿಲಿಗೆ ಬಂದು ನಿಂತಿದ್ದರು.

"ನೀನು ದಿನಾ ಬೇಗ ಬರ್ತೀನಿ ಅಂತೀಯ," ಎಂದಳು ಕೆಂಚಿ. ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟು ಇತ್ತು. "ಅದೂ ಹಿಂಗೇನಾ? ಸುಮ್ನೆ ಅನ್ನೋದಾ?"

"ಸುಮ್ನೆ ಅಂದದ್ದೇ ಹೆಚ್ಚು," ಎಂದು ವನಜಾಕ್ಷಿ ಒಪ್ಪಿಕೊಂಡಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಕೆಂಚಿ ರೋಬಾಟಿನ ಎದೆಯ ಗಡಿಯಾರಗಳನ್ನು ಉಗುರಿನಿಂದ ಕೆರೆದಳು. ಆಮೇಲೆ ಅಜ್ಜಿಯ ಕಡೆ ನೋಡದೆ ಕೇಳಿದಳು. "ಹಂಗಾದ್ರೆ ಅಪ್ಪ ಬರ್ತೀನಿ ಅಂದಿದ್ರೂ ಬರ್ತಿರ್ಲಿಲ್ವಾ?"

"ಇಲ್ಲ ಕಂದಾ," ಎಂದಳು ವನಜಾಕ್ಷಿ.

"ಹೋಗ್ತೀನಿ ಅಂದಿದ್ದಕ್ಕೆ ಅಲ್ವಾ ಆಗಿದ್ದು?"

ಈ ಸಲ ಉತ್ತರಿಸಿದ್ದು ಚೆನ್ನಬಸಮ್ಮ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮತ್ತೆ ತೆಗೆದು, "ಅಲ್ಲವ್ವಾ, ಅದಕ್ಕಲ್ಲ," ಎಂದರು. "ಅದು ನಾನು ಸಂಕಟಕ್ಕೆ ಅಂದಿದ್ದ ಮಾತು. ಲಾರಿಯೋನು ನಿದ್ದೆಗಣ್ಣಾಗಿದ್ದ, ಅಷ್ಟೇಯ. ನನ್ನ ನಾಲಿಗೆಗೆ ಬೆಂಕಿ ಹಾಕ, ಕೂಸಿನ ತಲೇಲಿ ಏನು ತುಂಬಿಬಿಟ್ಟೆ." ಅವರು ಬಂದು ಮೊಮ್ಮಗಳನ್ನು ತಬ್ಬಿಕೊಂಡರು. ಆಗ ಕೆಂಚಿ ಅತ್ತಳು. ಮೂವರೂ ಅತ್ತರು. ಮೂರು ವರ್ಷ ಮೂರು ಮೂಲೆಯಲ್ಲಿ ಅತ್ತದ್ದಕ್ಕಿಂತ ಒಂದೆಡೆ ಕೂತು ಅತ್ತದ್ದು ಮೇಲೆನಿಸಿತು.

ಮಂಡಕ್ಕಿ ಆ ಹೊತ್ತಿಗೆ ಮೆತ್ತಗಾಗಿತ್ತು. ಅದನ್ನೇ ತಿಂದು ತಾಯಿ ಮಗಳು ಕೇಂದ್ರಕ್ಕೆ ಹೊರಟರು.

ನಿಯಂತ್ರಣ ಕೊಠಡಿಯ ದೊಡ್ಡ ಕುರ್ಚಿಯಲ್ಲಿ ಕೆಂಚಿಯ ಕಾಲು ನೆಲ ಮುಟ್ಟುತ್ತಿರಲಿಲ್ಲ. ತೊಡೆಯ ಮೇಲೆ ತಗಡು ರೋಬಾಟು ಇತ್ತು. ಪರದೆಯ ಮೇಲೆ ಡಬ್ಬಣ್ಣನ ಕಣ್ಣಿಗೆ ಕಾಣುವುದೆಲ್ಲ ಕಾಣುತ್ತಿತ್ತು. ಬೂದು ಬಂಡೆಗಳು, ಅವನದೇ ಉದ್ದನೆಯ ನೆರಳು, ಆ ನೆರಳಿನ ತುದಿಗೆ ಇದ್ದಕ್ಕಿದ್ದಂತೆ ಮುಗಿದುಹೋಗುವ ನೆಲ. ದೂರದಲ್ಲಿ, ಬೆಟ್ಟದ ಮೇಲೆ ಯಾರೋ ಇಟ್ಟು ಮರೆತಂತೆ ಭೂಮಿ.

"ನೀನು ಬರೋದು ಬೇಡ ಅಂತ ಹೇಳಿದರೆ ಸಾಕು ಪುಟ್ಟಿ," ಎಂದರು ಪಂಪಾಪತಿ.

ಕೆಂಚಿ ಮೈಕಿಗೆ ಬಾಯಿ ಹಚ್ಚಿದಳು. "ಡಬ್ಬಣ್ಣಾ."

ಎರಡೂವರೆ ಸೆಕೆಂಡು.

"ಕೆಂಚೀ! ಊಟ ಆಯ್ತಾ?"

"ಮಂಡಕ್ಕಿ ತಿಂದೆ. ನಿಂದು?"

"ಬಿಸಿಲು ತಿಂತಾ ನಿಂತಿದೀನಿ."

ಕೆಂಚಿಗೆ ನಗು ಬಂತು, ಆದರೆ ತಡೆದುಕೊಂಡಳು. "ಅಲ್ಲಿ ಹೆಂಗೈತೆ?"

"ನಮ್ಮ ಬಂಡೆ ತರಾನೇ ಐತೆ. ಆದ್ರೆ ಮೇಲಿಂದ ಕೂಗೋರು ಯಾರೂ ಇಲ್ಲ." ಸ್ವಲ್ಪ ತಡೆದು ಅವನೇ ಮುಂದುವರಿಸಿದ. "ಎಲ್ಲರೂ ಇಳಿ ಅಂತಾರೆ. ಇಳಿದ್ರೆ ಬರೋಕಾಗಲ್ಲ. ನಾನು ಬರ್ತೀನಿ ಅಂದಿದ್ನಲ್ಲ?"

"ಅಂದಿದ್ದೆ," ಎಂದಳು ಕೆಂಚಿ.

ವನಜಾಕ್ಷಿ ಮಗಳ ಹೆಗಲ ಮೇಲೆ ಕೈಯಿಟ್ಟಳು. "ಬರಬೇಡ ಅನ್ನು, ಚಿನ್ನಾ," ಎಂದು ಪಿಸುಗುಟ್ಟಿದಳು.

ಕೆಂಚಿ ಮೈಕಿಗೆ ಅಂಗೈ ಅಡ್ಡ ಹಿಡಿದು ತಾಯಿಯತ್ತ ತಿರುಗಿದಳು. "ಅಷ್ಟು ದೂರ ಒಬ್ನೇ ನಿಂತಿರೋನಿಗೆ ಬರಬೇಡ ಅಂತಾರೇನಮ್ಮ? ನಾನು ಅನ್ನಲ್ಲ."

ಪಂಪಾಪತಿ ಏನೋ ಹೇಳಲು ಹೋದರು. ಫರ್ಹಾನಾ ಅವರ ತೋಳು ಹಿಡಿದು ನಿಲ್ಲಿಸಿದಳು. ಕೆಂಚಿ ಮೈಕಿನ ಕಡೆ ತಿರುಗಿ, ತಗಡು ರೋಬಾಟಿನ ತಲೆಯ ಮೇಲೆ ಕೈಯಿಟ್ಟುಕೊಂಡು, ಹೋಂವರ್ಕು ಒಪ್ಪಿಸುವವಳಂತೆ ಬಿಡಿಸಿ ಬಿಡಿಸಿ ಹೇಳಿದಳು.

"ಡಬ್ಬಣ್ಣಾ, ಕೇಳಿಸ್ಕೋ. ನೀನು ಅಲ್ಲೇ ಇರು. ಕೆಳಗಿಳಿದು ನೀರು ಹುಡುಕಿ ಇಟ್ಟಿರು. ನಾನೇ ಬರ್ತೀನಿ."

ಎರಡೂವರೆ ಸೆಕೆಂಡು ಕಳೆಯಿತು. ಇನ್ನೂ ಎರಡೂವರೆ ಕಳೆಯಿತು. ಚಂದ್ರನ ಮೇಲೆ ಯಾರೋ ಯೋಚಿಸುತ್ತಿದ್ದರು.

"ಕೆಂಚೀ, ಬರ್ತೀನಿ ಅಂದ್ರೆ ಹೋಗೋದು ಅಂತಾನೂ ಆಗುತ್ತಂತೆ. ನಿಮ್ಮಮ್ಮ ಅಂದ್ರು. ನೀನು ಅಂತಿರೋದು ಯಾವ ಬರ್ತೀನಿ?"

ಕೆಂಚಿ ತಾಯಿಯ ಮುಖವನ್ನು ಒಮ್ಮೆ ನೋಡಿದಳು.

"ಬರೋ ಬರ್ತೀನಿ," ಎಂದಳು.

"ಹಂಗಾದ್ರೆ ಸರಿ," ಎಂದ ಡಬ್ಬಣ್ಣ. "ಹುಡುಕಿ ಇಟ್ಟಿರ್ತೀನಿ."

ಪರದೆಯಲ್ಲಿ ಬಂಡೆಗಳು ಅಲುಗಿದವು. ಕೆಲಸಕ್ಕೆ ಬಾರದ ಕೊಂಬು ಎಂದು ಎಲ್ಲರೂ ಹಾಸ್ಯ ಮಾಡುತ್ತಿದ್ದರಲ್ಲ, ಅದರಲ್ಲೊಂದರ ಒಳಗೆ ಫರ್ಹಾನಾ ಕೊನೆಗಳಿಗೆಯಲ್ಲಿ ಸಣ್ಣ ಆಂಟೆನಾ ಹುದುಗಿಸಿದ್ದಳು. ಕುಳಿಯ ತಳದಿಂದಲೂ ಮಾತು ಭೂಮಿಗೆ ಮುಟ್ಟಲೆಂದು ಡಬ್ಬಣ್ಣ ಆ ಕೊಂಬನ್ನು ಕಿತ್ತು ದಂಡೆಯ ಮೇಲೆ ನೆಟ್ಟ. ಅದರಿಂದ ಕೂದಲೆಳೆಯಂಥ ತಂತಿ ಬಿಡುತ್ತ, ಕುಂಡೆಯೂರಿ, ಕೈಯೂರಿ, ಮಕ್ಕಳು ಕಲಿಸಿದ ಹಾಗೆಯೇ ಕತ್ತಲೆಗೆ ಇಳಿದ. ಕೋಣೆಯಲ್ಲಿ ಚಪ್ಪಾಳೆ ಎದ್ದಿತು. ವನಜಾಕ್ಷಿ ಈ ಸಲ ತಟ್ಟಲಿಲ್ಲ. ಅವಳು ಮಗಳನ್ನು ನೋಡುತ್ತಿದ್ದಳು. ಮಗು ತಾನು ಹೇಳಿದ್ದರ ಭಾರ ಎಷ್ಟೆಂದು ತಿಳಿದೇ ಹೇಳಿದೆ ಎನ್ನುವುದು ಆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಪಂಪಾಪತಿ ಜೇಬಿನಿಂದ ಏಲಕ್ಕಿಯ ಡಬ್ಬಿ ತೆಗೆದು ಮೊದಲನೆಯದನ್ನು ಕೆಂಚಿಗೆ ಕೊಟ್ಟರು.

ಡಬ್ಬಣ್ಣ ಎರಡು ದಿನ ಅಗೆದ. ನೀರು ಸಿಕ್ಕಿತು, ಮೊಳಕೈ ಆಳದಲ್ಲಿ, ಕಲ್ಲಿನಷ್ಟು ಗಟ್ಟಿಯಾಗಿ. ಪತ್ರಿಕೆಗಳಲ್ಲಿ ಎಲ್ಲರ ಫೋಟೋ ಬಂತು. ಅವನ ಎದೆಯ ಮುಳ್ಳು ಸೊನ್ನೆಗೆ ಇಳಿಯುವ ಹೊತ್ತಿಗೆ ಕೆಂಚಿ ಶಾಲೆ ಬಿಟ್ಟು ನೇರ ಕೇಂದ್ರಕ್ಕೆ ಬಂದು ಅದೇ ಕುರ್ಚಿಯಲ್ಲಿ ಕೂತಿದ್ದಳು. ಕತ್ತಲೆಯ ಒಳಗಿನಿಂದ ಕೊನೆಯದಾಗಿ ಬಂದದ್ದು ಅಳತೆಯಲ್ಲ, ಲೆಕ್ಕವೂ ಅಲ್ಲ.

"ನಿಧಾನಕ್ಕೆ ಬಾ ಕೆಂಚೀ," ಎಂದಿತು ಗೊಗ್ಗರು ದನಿ. "ಕಲ್ಲು ಸಡಿಲ ಐತೆ."

ಮಾರನೆಯ ಬೆಳಿಗ್ಗೆ ವನಜಾಕ್ಷಿ ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಅಭ್ಯಾಸದಂತೆ ಬಾಗಿಲಲ್ಲಿ ತಿರುಗಿದಳು. "ಪುಟ್ಟಾ, ಬೇಗ ಬರ್..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಒಳಗೆ ಮೇಜಿನ ಮೇಲೆ ತಗಡು ರೋಬಾಟು ಗರ್ರ್ ಎನ್ನುತ್ತಿತ್ತು. ಕೆಂಚಿ ಅದರ ಮುಂದೆ ಕೈ ಅಡ್ಡ ಹಿಡಿದು, ತಲೆ ಎತ್ತದೆ ಕೇಳಿದಳು.

"ಯಾವ ಬರ್ತೀನಿ?"

ವನಜಾಕ್ಷಿ ಹೊಸ್ತಿಲ ಮೇಲೆ ನಿಂತು ಅವತ್ತಿನ ಕೆಲಸಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ತೆಗೆದು ನೋಡಿದಳು, ಕೆಲವನ್ನು ಅಲ್ಲೇ ಕೆಳಗಿಟ್ಟಳು.

"ಬರೋ ಬರ್ತೀನಿ," ಎಂದಳು.

ಆ ಸಂಜೆ ಅವಳು ಗೇಟು ತೆರೆದಾಗ ಇನ್ನೂ ಕತ್ತಲಾಗಿರಲಿಲ್ಲ, ಚೆನ್ನಬಸಮ್ಮ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.